ಕಡಲಿನ ಸೂಕ್ಷ್ಮಪಾಚಿಗೆ ತಾಮ್ರ ಎಷ್ಟಾದರೆ ಹೆಚ್ಚು?

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರು ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) ಸುಣ್ಣದೊಡನೆ ಬೆರೆಸಿ ಬೋರ್ಡೋ ದ್ರಾವಣವಾಗಿ ಬಳ್ಳಿಗೆ ಸಿಂಪಡಿಸುತ್ತಾರೆ. ಕೃಷಿಹೊಂಡದಲ್ಲಿ ಪಾಚಿ ಕಟ್ಟಿದಾಗ ಕೆಲವರು ಮೈಲುತುತ್ತವನ್ನೇ ನೀರಿಗೂ ಹಾಕುತ್ತಾರೆ. ವಿಜಯಪುರದಲ್ಲಿ ಸಸ್ಯಶರೀರಕ್ರಿಯಾ ವಿಜ್ಞಾನ ಬೋಧಿಸುವ ನನ್ನ ಬಳಿಗೆ ಕಡಲಿನ ಸೂಕ್ಷ್ಮಪಾಚಿಗಳ ಅಧ್ಯಯನಕ್ಕೆ ಬರುವ ವಿದ್ಯಾರ್ಥಿಗಳು ಈ ಬಳಕೆಯನ್ನು ಕಂಡು ಬೆಳೆದವರಾದ್ದರಿಂದ, ತಾಮ್ರವೆಂದರೆ ಪಾಚಿಯನ್ನು ಕೊಲ್ಲುವ ವಸ್ತು ಎಂಬ ಎಣಿಕೆಯಿಂದಲೇ ಆರಂಭಿಸುತ್ತಾರೆ.

ವಾಸ್ತವದಲ್ಲಿ ತಾಮ್ರವಿಲ್ಲದೆ ಪಾಚಿಯ ಜೀವನ ನಡೆಯದು. ಉಸಿರಾಟದ ಕೊನೆಯ ಹಂತದ ಸೈಟೋಕ್ರೋಮ್ ಆಕ್ಸಿಡೇಸ್ ಕಿಣ್ವಕ್ಕೂ, ಅನೇಕ ಪ್ರಭೇದಗಳಲ್ಲಿ ದ್ಯುತಿಸಂಶ್ಲೇಷಣೆಯ ಎಲೆಕ್ಟ್ರಾನುಗಳನ್ನು ಸಾಗಿಸುವ ಪ್ಲಾಸ್ಟೋಸಯನಿನ್‌ಗೂ ಅದು ಬೇಕು. ಆದರೆ ಅಗತ್ಯಕ್ಕೂ ಅಪಾಯಕ್ಕೂ ನಡುವಿನ ಅಂತರ ಬಹಳ ಕಿರಿದು. ಮಿತಿ ಮೀರಿ ಕೋಶದೊಳಗೆ ಸೇರಿದ ತಾಮ್ರ ಪ್ರೋಟೀನುಗಳ ಮತ್ತು ಕೋಶವನ್ನು ಕಾಯುವ ಚಿಕ್ಕ ಅಣುವಾದ ಗ್ಲುಟಾಥಯೋನ್‌ನ ಗಂಧಕದ ಗುಂಪುಗಳಿಗೆ ಅಂಟಿಕೊಳ್ಳುತ್ತದೆ. ಎಲೆಕ್ಟ್ರಾನನ್ನು ಪಡೆಯುತ್ತ, ಕಳೆದುಕೊಳ್ಳುತ್ತ ಹಾನಿಕಾರಕ ಆಮ್ಲಜನಕ ರೂಪಗಳನ್ನು ಹುಟ್ಟಿಸಿ ಪೊರೆಗಳನ್ನು ಕೆಡಿಸುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ಬೆಳಕಿನ ಬಲದಿಂದ ನೀರನ್ನು ಒಡೆಯುವ ಎರಡನೆಯ ದ್ಯುತಿವ್ಯವಸ್ಥೆಯ ಕೆಲಸವನ್ನು ಕುಗ್ಗಿಸುತ್ತದೆ. ಸಿಲಿಕಾ ಚಿಪ್ಪಿನ ಸೂಕ್ಷ್ಮಪಾಚಿಗಳಾದ ಡಯಾಟಮ್‌ಗಳಲ್ಲಿ ಆ ಚಿಪ್ಪು ಕಟ್ಟಲು ಬೇಕಾದ ಸಿಲಿಕಾದ ಹೀರಿಕೆಯೂ ತಗ್ಗುತ್ತದೆ. ಕೆಲವು ಪ್ರಭೇದಗಳಲ್ಲಿ ವಿಭಜನೆ ನಿಂತ ಮೇಲೂ ಇಂಗಾಲದ ಸ್ಥಿರೀಕರಣ ಸ್ವಲ್ಪ ಕಾಲ ಮುಂದುವರಿದು ಕೋಶಗಳು ಉಬ್ಬುತ್ತವೆ. ಆದ್ದರಿಂದಲೇ ಪತ್ರಹರಿತ್ತಿನ ಪ್ರಮಾಣವೊಂದನ್ನೇ ಅಳೆದು ಬೆಳವಣಿಗೆ ಸರಿಯಾಗಿದೆ ಎನ್ನುವ ವರದಿಯನ್ನು ನಾನು ಒಪ್ಪುವುದಿಲ್ಲ. ಕೋಶಗಳ ಎಣಿಕೆಯೂ ಗಾತ್ರವೂ ಜೊತೆಗಿರಬೇಕು.

ಇನ್ನೂ ಮುಖ್ಯವಾದುದು ಯಾವ ತಾಮ್ರವನ್ನು ಅಳೆಯುತ್ತೇವೆ ಎಂಬುದು. ಕೋಶಕ್ಕೆ ತಟ್ಟುವ ವಿಷವನ್ನು ನಿರ್ಧರಿಸುವುದು ನೀರಿನಲ್ಲಿರುವ ಒಟ್ಟು ತಾಮ್ರವಲ್ಲ, ಸಾವಯವ ಅಣುಗಳಿಗೆ ಅಂಟದೆ ಉಳಿದ ಮುಕ್ತ ತಾಮ್ರದ ಅಯಾನು ಎಂಬುದನ್ನು ಸಂಶೋಧಕರಾದ ಸುಂಡಾ ಮತ್ತು ಗಿಲಾರ್ಡ್ 1976ರಲ್ಲಿ ಥಲಾಸಿಯೊಸೈರಾ ಎಂಬ ಡಯಾಟಮ್ ಮತ್ತು ನ್ಯಾನೊಕ್ಲೋರಿಸ್ ಎಂಬ ಹಸಿರುಪಾಚಿಯ ಮೇಲೆ ಪ್ರಯೋಗಿಸಿ ತೋರಿಸಿದರು. ಕಡಲ ಮೇಲ್ಪದರದ ತಾಮ್ರದಲ್ಲಿ ಸಾಮಾನ್ಯವಾಗಿ ಶೇ 99ಕ್ಕಿಂತ ಹೆಚ್ಚು ಪಾಲು ಸಾವಯವ ಅಣುಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತದೆ, ಮತ್ತು ಇಂಥ ಅಣುಗಳಲ್ಲಿ ಕೆಲವನ್ನು ಸೂಕ್ಷ್ಮಜೀವಿಗಳೇ ಹೊರಬಿಡುತ್ತವೆ. ಬ್ರ್ಯಾಂಡ್ ಮತ್ತು ಸಂಗಡಿಗರು 1986ರಲ್ಲಿ ಹಲವು ಪ್ರಭೇದಗಳನ್ನು ಹೋಲಿಸಿದಾಗ ದ್ಯುತಿಸಂಶ್ಲೇಷಣೆ ಮಾಡುವ ಬ್ಯಾಕ್ಟೀರಿಯಗಳಾದ ಸಯನೋಬ್ಯಾಕ್ಟೀರಿಯಗಳು ತಾಮ್ರಕ್ಕೆ ಅತಿ ಬೇಗ ಕುಗ್ಗಿದವು, ಡಯಾಟಮ್‌ಗಳು ಹೆಚ್ಚು ತಾಳಿಕೊಂಡವು. ಹೀಗಾಗಿ ಮಾಲಿನ್ಯವಾದ ನೀರು ಹಸಿರಾಗಿಯೇ ಕಾಣುತ್ತಿದ್ದರೂ ಅದರೊಳಗಿನ ಪಾಚಿ ಸಮುದಾಯ ಬದಲಾಗಿರಬಹುದು.

ನಮ್ಮ ದ್ರಾಕ್ಷಿತೋಟದ ತಾಮ್ರವೇ ಕೃಷ್ಣೆಯ ಮೂಲಕ ಬಂಗಾಳಕೊಲ್ಲಿಯನ್ನು ಕೆಡಿಸುತ್ತದೆಯೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ತಾಮ್ರ ಮಣ್ಣಿನ ಸಾವಯವ ಅಂಶಕ್ಕೂ ಜೇಡಿಕಣಗಳಿಗೂ ಗಟ್ಟಿಯಾಗಿ ಹಿಡಿದುಕೊಳ್ಳುವುದರಿಂದ ಅದರ ಬಹುಪಾಲು ಹೊಲದ ಮೇಲ್ಮಣ್ಣಿನಲ್ಲಿಯೇ ಉಳಿಯುತ್ತದೆ. ಕಾಳಜಿ ಮಾಡಬೇಕಾದುದು ಮೊದಲು ಆ ಮಣ್ಣಿನ ಬಗ್ಗೆಯೇ. ಬಂದರುಗಳ ನೀರಿಗೆ ಮುಖ್ಯ ಮೂಲವೊಂದು ಹಡಗಿನ ತಳಕ್ಕೆ ಜೀವಿಗಳು ಅಂಟದಂತೆ ಬಳಿಯುವ ತಾಮ್ರದ ಬಣ್ಣ. ಇದೇ ಕೆಲಸಕ್ಕೆ ಬಳಸುತ್ತಿದ್ದ, ತವರದ ಸಂಯುಕ್ತವುಳ್ಳ ಟ್ರೈಬ್ಯುಟೈಲ್ ಟಿನ್ ಬಣ್ಣಗಳ ಮೇಲಿನ ಅಂತಾರಾಷ್ಟ್ರೀಯ ನಿಷೇಧ 2008ರಲ್ಲಿ ಜಾರಿಗೆ ಬಂದ ಮೇಲೆ ಈ ಬಣ್ಣಗಳ ಮೇಲಿನ ಅವಲಂಬನೆ ಹೆಚ್ಚಿತು.

ಕಡಲಿನಿಂದ ದೂರವಿರುವ ನಮ್ಮ ಪ್ರಯೋಗಾಲಯಗಳಲ್ಲಿಯೂ ಕೃತಕ ಕಡಲ ನೀರಿನಲ್ಲಿ ತಾಮ್ರ ಪಾಚಿಯನ್ನು ಎಷ್ಟು ಕುಗ್ಗಿಸುತ್ತದೆ ಎಂಬ ಪರೀಕ್ಷೆ ಮಾಡಬಹುದು. ಆದರೆ ಕಡಲ ಪಾಚಿ ಬೆಳೆಸಲು ಬಳಸುವ ಎಫ್/2 ಎಂಬ ಪೋಷಕ ಮಾಧ್ಯಮವನ್ನು ಇದ್ದಂತೆಯೇ ಬಳಸಬಾರದು: ಅದರಲ್ಲಿರುವ, ಲೋಹಗಳನ್ನು ಬಂಧಿಸುವ ಇಡಿಟಿಎ ಎಂಬ ರಾಸಾಯನಿಕ ತಾಮ್ರವನ್ನು ಹಿಡಿದಿಡುವುದರಿಂದ, ಹಾಕಿದ ತಾಮ್ರ ಇಡಿಟಿಎ ಹಿಡಿದಿಡಬಲ್ಲಷ್ಟನ್ನು ಮೀರದವರೆಗೆ ಪಾಚಿಗೆ ಎದುರಾಗುವುದು ಅತ್ಯಲ್ಪ. ಮ್ಯಾಂಗನೀಸಿನ ಪ್ರಮಾಣವನ್ನೂ ಬರೆದಿಡಬೇಕು, ಏಕೆಂದರೆ ತಾಮ್ರ ಕೋಶದೊಳಗೆ ಅದರೊಡನೆ ಸ್ಪರ್ಧಿಸುತ್ತದೆ. ಮ್ಯಾಂಗನೀಸು ಸಾಕಷ್ಟಿದ್ದಾಗ ಡಯಾಟಮ್‌ಗಳಿಗೆ ಹಾನಿ ತಗ್ಗುತ್ತದೆ. 72 ಗಂಟೆಗಳ ಪರೀಕ್ಷೆಯನ್ನು ಕಡಿಮೆ ಕೋಶಗಳಿಂದ ಆರಂಭಿಸಬೇಕು. ಪಾತ್ರೆಯಲ್ಲಿ ಪಾಚಿ ದಟ್ಟವಾಗಿದ್ದರೆ ಕೋಶಗಳೇ ತಾಮ್ರವನ್ನು ಹೀರಿ ನೀರನ್ನು ಬದಲಿಸಿಬಿಡುತ್ತವೆ, ಆಗ ಚೀಟಿಯ ಮೇಲೆ ಬರೆದ ಸಾಂದ್ರತೆ ಎರಡನೆಯ ದಿನವೇ ಸುಳ್ಳಾಗಿರುತ್ತದೆ.