ಮೊದಲು ನೀರು ಬಿಡಿಸಿ, ಆಮೇಲೆ ಎಂಜಿನ್ ಬಿಚ್ಚಿ

ಹಳೆಯ ಸಣ್ಣ ಸ್ಪೋರ್ಟ್ಸ್ ಕಾರನ್ನು ಮನೆಯಲ್ಲೇ ಸರಿಮಾಡಲು ಹೊರಟವರು ನನ್ನ ಗ್ಯಾರೇಜಿಗೆ ಬಂದರೆ ಮೊದಲ ಪ್ರಶ್ನೆ ಎಂಜಿನ್ ಬಗ್ಗೆಯೇ. ಪವರ್ ಎಷ್ಟು ಏರಿಸಬಹುದು? ಐದು ಗೇರಿನ ಬಾಕ್ಸ್ ಕೂರುತ್ತದಾ? ನಾನು ತಿರುಗಿ ಕೇಳುವುದು ಬೇರೆ. ಕಾರು ಎಲ್ಲಿ ನಿಂತಿದೆ? ಶೆಡ್ಡಿನಲ್ಲಾ, ತೆಂಗಿನ ಮರದ ಬುಡದಲ್ಲಾ? ನೆಲ ಕಾಂಕ್ರೀಟಾ, ಮಣ್ಣಾ? ಕೆಲವರಿಗೆ ಇದು ಬೇಸರ. ಸ್ಪೋರ್ಟ್ಸ್ ಕಾರಿನ ಮಾತು ಎತ್ತಿದರೆ ಇವನೆಂತ ನೆಲದ ಮಾತು ಆಡುತ್ತಾನೆ ಅಂತ ಮುಖ ನೋಡುತ್ತಾರೆ. ಆದರೆ ಮಂಗಳೂರು, ಉಡುಪಿ ಕಡೆ ಹಳೆಯ ಕಾರು ಓಡಿ ಸಾಯುವುದು ಕಡಿಮೆ, ನಿಂತಲ್ಲೇ ಸಾಯುವುದು ಜಾಸ್ತಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ದಾಟುವ ಮಳೆ, ಮಳೆ ಬಿಟ್ಟ ಮೇಲೂ ಬಿಡದ ಉಪ್ಪು ಗಾಳಿ. ಇಲ್ಲಿ ರಿಸ್ಟೋರೇಶನ್ ಅಂದರೆ ಮುಕ್ಕಾಲು ಪಾಲು ನೀರನ್ನು ಹೊರಗೆ ಹಾಕುವ ಕೆಲಸ. ಆ ನೀರು ಬಾಡಿಯಲ್ಲಿ ಮಾತ್ರ ಇರುವುದಿಲ್ಲ, ಬ್ರೇಕಿನಲ್ಲಿ ಇರುತ್ತದೆ, ಈಗೀಗ ಪೆಟ್ರೋಲಿನಲ್ಲೂ ಇರುತ್ತದೆ.

ಎಂಜಿ ಮಿಡ್ಜೆಟ್ ಅನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ನಮ್ಮ ದೇಶದಲ್ಲಿ ಇವು ಅಪರೂಪ. ಆದರೆ ಮನೆಯಲ್ಲಿ ಬಿಚ್ಚಿ ಜೋಡಿಸಲು ಇಷ್ಟು ಸರಳವಾದ ಸ್ಪೋರ್ಟ್ಸ್ ಕಾರು ಇನ್ನೊಂದು ಸಿಗುವುದು ಕಷ್ಟ. ಇಂಗ್ಲೆಂಡಿನಲ್ಲಿ 1961ರಿಂದ 1979ರವರೆಗೆ ತಯಾರಾದ ಕಾರು ಇದು. 1958ರ ಆಸ್ಟಿನ್ ಹೀಲಿ ಸ್ಪ್ರೈಟ್ ಇದರ ಮೂಲ. ಎರಡೇ ಸೀಟು, ಬಟ್ಟೆಯ ಟಾಪ್, ತೂಕ ಸುಮಾರು 700 ಕಿಲೋ. ಎಂಜಿನ್ ಮೊದಲು 948 ಸಿಸಿ, ಆಮೇಲೆ 1098, 1966ರಿಂದ 1275. ಕೊನೆಯ ವರ್ಷಗಳಲ್ಲಿ ಟ್ರಯಂಫ್‌ನ 1500 ಎಂಜಿನ್ ಬಂತು. 1275ರಲ್ಲಿ 65 ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ ಅದು ಏನೂ ಅಲ್ಲ. ಆದರೆ ರಸ್ತೆಗೆ ಅಂಟಿದ ಹಾಗೆ ಕೂತು ಕಾರ್ಕಳದ ತಿರುವುಗಳಲ್ಲಿ ಓಡಿಸಿ ನೋಡಿ, 65 ಸಾಕು ಅನಿಸುತ್ತದೆ.

948ರಿಂದ 1275ರವರೆಗಿನ ಆ ಎಂಜಿನ್ ನಮ್ಮ ಹಿರಿಯ ಮೆಕ್ಯಾನಿಕ್‌ಗಳಿಗೆ ಅಪರಿಚಿತ ಅಲ್ಲ. ಹಳೆಯ ಪೆಟ್ರೋಲ್ ಅಂಬಾಸಿಡರ್‌ನಲ್ಲಿ ಇದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್, ಅಂದರೆ ಬಿಎಂಸಿಯ ಬಿ ಸೀರೀಸ್. ಮಿಡ್ಜೆಟ್‌ನದ್ದು ಅದೇ ಕಂಪೆನಿಯ ಎ ಸೀರೀಸ್, ತಮ್ಮ ಇದ್ದ ಹಾಗೆ. ವಾಲ್ವ್ ಎತ್ತುವ ಪುಶ್‌ರಾಡ್, ಕಿಡಿ ಕೊಡಿಸುವ ಪಾಯಿಂಟ್, ಕಂಡೆನ್ಸರ್ ಎಲ್ಲ ಅದೇ ಜಾತಿ. ಪಾನಾಗಳನ್ನು ಮಾತ್ರ ಬೇರೆ ತರಿಸಿಕೊಳ್ಳಿ. ಬೋಲ್ಟ್‌ಗಳು ಇಂಚಿನ ಲೆಕ್ಕದವು. ಮೆಟ್ರಿಕ್ ಪಾನಾ ‘ಸುಮಾರಾಗಿ ಕೂರುತ್ತದೆ’ ಅಂತ ಹಾಕಿದರೆ ತುಕ್ಕು ಹಿಡಿದ ಬೋಲ್ಟಿನ ತಲೆ ಉರುಟಾಗುತ್ತದೆ. ಆಮೇಲೆ ಅದಕ್ಕೆ ಡ್ರಿಲ್ಲೇ ಗತಿ.

ಈಗ ಬಾಡಿಯ ವಿಷಯಕ್ಕೆ ಬರೋಣ. ಮಿಡ್ಜೆಟ್‌ಗೆ ಪ್ರತ್ಯೇಕ ಚಾಸಿ ಇಲ್ಲ, ಬಾಡಿಯೇ ಚಾಸಿ. ಮೇಲೆ ಛಾವಣಿಯೂ ಇಲ್ಲ. ಹಾಗಾಗಿ ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ ಇದೆಯಲ್ಲ, ಸಿಲ್, ಕಾರು ನಡುವೆ ಬಾಗದಂತೆ ಹಿಡಿದಿರುವುದು ಮುಖ್ಯವಾಗಿ ಅದೇ. ನೀರು ಸೇರುವುದೂ ಅಲ್ಲಿಗೇ. ಬಾಗಿಲಿನೊಳಗೆ ಇಳಿದ ನೀರು, ಟಾಪ್ ಸೋರಿ ಕಾರ್ಪೆಟ್ಟಿಗೆ ಬಿದ್ದ ನೀರು, ಚಕ್ರ ಎರಚಿದ ಕೆಸರು, ಎಲ್ಲಕ್ಕೂ ದಾರಿ ಸಿಲ್ ಕಡೆಗೆ. ಕೆಳಗಿರುವ ಸಣ್ಣ ತೂತುಗಳು ಮಣ್ಣಿನಿಂದ ಮುಚ್ಚಿಹೋದರೆ ನೀರು ಒಳಗೇ ನಿಲ್ಲುತ್ತದೆ. ಹೊರಗೆ ಪೇಂಟ್ ಫಳಫಳ, ಒಳಗೆ ಕಬ್ಬಿಣ ಹುಡಿ.

ಪರೀಕ್ಷೆ ಮಾಡಲು ದೊಡ್ಡ ಉಪಕರಣ ಬೇಡ. ಒಂದು ಆಯಸ್ಕಾಂತ, ಒಂದು ಸ್ಕ್ರೂಡ್ರೈವರ್ ಸಾಕು. ಆಯಸ್ಕಾಂತ ಅಂಟದ ಕಡೆ ಪುಟ್ಟಿ ಇದೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವ ಕಡೆ ಏನೂ ಇಲ್ಲ. ಹಿಂದಿನ ಸ್ಪ್ರಿಂಗ್ ಕೂರುವ ಜಾಗ, ಬಾಗಿಲಿನ ಹಿಂಜ್ ಇರುವ ಕಂಬದ ಬುಡ, ಕಾಲಿಡುವ ಜಾಗದ ಮೂಲೆಗಳು, ಇಷ್ಟನ್ನು ಬಿಡದೆ ಚುಚ್ಚಿ ನೋಡಿ. ಕಾರು ಕೊಳ್ಳುವ ಮೊದಲೇ ನೋಡಿದರೆ ಇನ್ನೂ ಒಳ್ಳೆಯದು. ಮಾರುವವರಿಗೆ ಸಿಟ್ಟು ಬರಬಹುದು, ಬರಲಿ.

ನಮ್ಮ ಕಡೆಯದೇ ಒಂದು ವಿಶೇಷ ಕಾಯಿಲೆ ಇದೆ. ಬೋಟಿಗೆ ಫೈಬರ್ ಹೊದಿಸುವವರು ಹತ್ತಿರದಲ್ಲೇ ಸಿಗುತ್ತಾರೆ. ತುಕ್ಕು ತಿಂದ ಸಿಲ್ ಮೇಲೆ ಮ್ಯಾಟ್ ಹಾಕಿ, ರೆಸಿನ್ ಬಳಿದು, ಉಜ್ಜಿ ಪೇಂಟ್ ಮಾಡಿದರೆ ನೋಡಲು ಬಹಳ ಚಂದ. ಬೆರಳಿನಿಂದ ಬಡಿದರೆ ಗಟ್ಟಿ ಸದ್ದು ಕೂಡ ಬರುತ್ತದೆ. ಆದರೆ ಆ ಫೈಬರ್ ಸುತ್ತಲಿನ ಕೊಳೆತ ಕಬ್ಬಿಣವನ್ನೇ ನಂಬಿ ಕೂತಿದೆ. ಒಳಗಿನ ತೇವ ಹೊರಬರಲು ಇದ್ದ ದಾರಿಯೂ ಮುಚ್ಚಿತು. ಇಂಥ ಕಾರನ್ನು ಜಾಕ್ ಹಾಕಿ ಎತ್ತಿದಾಗ ಬಾಗಿಲಿನ ಸಂದು ಬದಲಾಗುವುದನ್ನು ಕಣ್ಣಾರೆ ನೋಡಬಹುದು. ಹಾಗೆ ಬದಲಾದರೆ ಆ ಕಾರನ್ನು ರಸ್ತೆಗೆ ತರಬಾರದು. ಬೋಟಿನ ಕೆಲಸದವರ ಮೇಲೆ ನನಗೆ ದೂರಿಲ್ಲ. ಅವರ ಕೈಕೆಲಸ ಬೋಟಿಗೆ ಸರಿ, ಇಲ್ಲಿ ಅಲ್ಲ.

ತುಕ್ಕು ತಡೆಯಲೆಂದು ಅದೇ ಬೋಟಿನ ಅಂಗಡಿಯಿಂದ ಜಿಂಕ್ ತುಂಡು ತಂದು ಕಾರಿನ ಕೆಳಗೆ ಬಿಗಿದವರನ್ನೂ ಕಂಡಿದ್ದೇನೆ. ಬೋಟಿನ ಜಿಂಕ್ ಕೆಲಸ ಮಾಡುವುದು ಅದೂ ಬೋಟಿನ ಲೋಹವೂ ಒಂದೇ ಉಪ್ಪು ನೀರಿನಲ್ಲಿ ಮುಳುಗಿರುವ ಕಾರಣ. ಗಾಳಿಯಲ್ಲಿರುವ ಕಾರಿಗೆ ಅದು ಸುಮ್ನೆ ಭಾರ. ಬೋಟಿನ ಅಂಗಡಿಗೆ ಹೋಗಲೇಬೇಕಾದರೆ ಎಪಾಕ್ಸಿ ಪ್ರೈಮರ್ ತನ್ನಿ. ಉಪ್ಪಿಗಾಗಿಯೇ ಮಾಡಿದ ಮಾಲು, ಕೆಳಭಾಗಕ್ಕೆ ಚೆನ್ನಾಗಿ ಹಿಡಿಯುತ್ತದೆ.

ಸಿಲ್ ಬದಲಿಸುವುದನ್ನು ವೆಲ್ಡಿಂಗ್ ಚೆನ್ನಾಗಿ ಬಲ್ಲವರು ಮನೆಯಲ್ಲಿ ಮಾಡಬಹುದು. ಹೊಸ ಪ್ಯಾನೆಲ್‌ಗಳು ಇಂಗ್ಲೆಂಡಿನಿಂದ ಇನ್ನೂ ಸಿಗುತ್ತವೆ. ಬ್ರಿಟಿಷ್ ಮೋಟಾರ್ ಹೆರಿಟೇಜ್ ಅನ್ನುವ ಸಂಸ್ಥೆ ಹಳೆಯ ಮೂಲ ಅಚ್ಚುಗಳಿಂದಲೇ ಒತ್ತಿಕೊಡುತ್ತದೆ. ಕತ್ತರಿಸುವ ಮೊದಲು ಬಾಗಿಲಿನ ಚೌಕಕ್ಕೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬೆಸೆದು ಬಿಗಿ ಮಾಡಿ. ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿ ಮುಟ್ಟಬೇಡಿ. ಕಾರಿನ ಭಾರ ಆಕ್ಸಲ್‌ಗಳ ಜಾಗದಲ್ಲಿ ಕೂತಿರಲಿ, ನಡುವೆ ಅಲ್ಲ. ಬಾಗಿಲನ್ನು ಹಾಕಿ, ತೆಗೆದು, ಮತ್ತೆ ಹಾಕಿ ಸಂದು ನೋಡುತ್ತಲೇ ಬೆಸೆಯಬೇಕು. ವೆಲ್ಡ್ ಸಣ್ಣ ಸಣ್ಣ ತುಂಡುಗಳಲ್ಲಿ ಇರಲಿ. ಒಂದೇ ಉದ್ದಕ್ಕೆ ಎಳೆದರೆ ತಗಡು ಸೊಟ್ಟಗಾಗುತ್ತದೆ. ಗ್ಯಾಸ್ ಹಾಯಿಸಿ ಬೆಸುಗೆಯನ್ನು ಗಾಳಿಯಿಂದ ಕಾಯುವ ಮಿಗ್ ವೆಲ್ಡಿಂಗ್ ಆದರೆ ಕಡಲ ಗಾಳಿ ಬೀಸುವ ಅಂಗಳದಲ್ಲಿ ಮಾಡಬೇಡಿ. ಗ್ಯಾಸ್ ಹಾರಿಹೋಗಿ ಬೆಸುಗೆ ಸ್ಪಂಜಿನಂತೆ ತೂತಾಗುತ್ತದೆ. ಪೆಟ್ರೋಲ್ ಟ್ಯಾಂಕನ್ನು ಮೊದಲೇ ಬಿಚ್ಚಿ ದೂರ ಇಡಿ. ಖಾಲಿ ಟ್ಯಾಂಕ್ ಸುರಕ್ಷಿತ ಅಂದುಕೊಳ್ಳಬೇಡಿ. ಒಳಗಿನ ಆವಿಯೇ ಸಿಡಿಯುವುದು.

ನಮ್ಮ ಕೆಂಪು ಮಣ್ಣಿನ ಅಂಗಳ ಬೇಸಿಗೆಯಲ್ಲಿ ಕಲ್ಲಿನಷ್ಟು ಗಟ್ಟಿ. ಒಂದು ಮಳೆ ಬಿದ್ದರೆ ಜಾಕ್ ಸ್ಟ್ಯಾಂಡಿನ ಕಾಲು ಮೆಲ್ಲಗೆ ಇಳಿಯುತ್ತದೆ. ಕೆಳಗೆ ದಪ್ಪ ಹಲಗೆ ಇರಲೇಬೇಕು. ಬರೀ ಜಾಕ್ ನಂಬಿ ಯಾರೂ ಕಾರಿನ ಕೆಳಗೆ ತೂರಬಾರದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಹೊಸ ಸಿಲ್ ಆದ ಮೇಲೆ ಒಳಗೆ ತುಕ್ಕು ತಡೆಯುವ ಮೇಣ, ಅಂದರೆ ಕ್ಯಾವಿಟಿ ವ್ಯಾಕ್ಸ್, ಸಿಂಪಡಿಸಿ, ತೂತುಗಳನ್ನು ತೆರೆದೇ ಇಡಿ. ಮಳೆಗಾಲಕ್ಕೆ ಪ್ಲಾಸ್ಟಿಕ್ ಟಾರ್ಪಾಲು ಬಿಗಿದು ಸುತ್ತಿಡುವುದು ತುಂಬ ಜನ ಮಾಡುವ ಕೆಲಸ. ನೆಲದ ತೇವ ಮೇಲೆದ್ದು ಟಾರ್ಪಾಲಿನ ಒಳಗೇ ಬೆವರಿ ಕಾರಿನ ಮೇಲೆ ತೊಟ್ಟಿಕ್ಕುತ್ತದೆ. ಆಟಿ ತಿಂಗಳು ಮುಗಿದು ತೆಗೆದು ನೋಡಿದರೆ ಸೀಟಿನ ಮೇಲೆ ಹಸಿರು ಬೂಸು. ಶೀಟಿನ ಮಾಡು ಎತ್ತರಕ್ಕಿರಲಿ, ನಾಲ್ಕೂ ಕಡೆ ಗಾಳಿ ಆಡಲಿ, ಹೊದಿಕೆ ಬೇಕಾದರೆ ಹತ್ತಿ ಬಟ್ಟೆ ಸಾಕು.

ಬ್ರೇಕಿನ ನೀರು ಕಣ್ಣಿಗೆ ಕಾಣುವುದಿಲ್ಲ. ಸಾಮಾನ್ಯ ಬ್ರೇಕ್ ಆಯಿಲ್ ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಡಾಟ್ 4 ಆಯಿಲ್ ಹೊಸದರಲ್ಲಿ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಕುಡಿದ ಆಯಿಲ್‌ಗೆ ಅದೇ ಮಾನದಂಡ ಬರೀ 155. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿಯುವಾಗ ಆಯಿಲ್ ಕುದಿದರೆ ಪೈಪಿನಲ್ಲಿ ಗುಳ್ಳೆ, ಪೆಡಲ್ ನೆಲಕ್ಕೆ. ಹಳೆಯ ಮಿಡ್ಜೆಟ್‌ಗಳಲ್ಲಿ ಹೆಚ್ಚಿನವು ಸಿಂಗಲ್ ಸರ್ಕ್ಯೂಟ್. ಒಂದು ಪೈಪ್ ಒಡೆದರೆ ನಾಲ್ಕು ಚಕ್ರಕ್ಕೂ ಬ್ರೇಕಿಲ್ಲ, ಹ್ಯಾಂಡ್‌ಬ್ರೇಕ್ ಒಂದೇ ದಿಕ್ಕು. ಕರಾವಳಿಯಲ್ಲಿ ಉಕ್ಕಿನ ಬ್ರೇಕ್ ಪೈಪಿನ ಜಾಗಕ್ಕೆ ತಾಮ್ರ ನಿಕ್ಕಲ್ ಮಿಶ್ರಲೋಹದ ಪೈಪ್ ಹಾಕಿ, ತುಕ್ಕಿನ ಚಿಂತೆ ಇರದು. ಆಯಿಲ್ ವರ್ಷಕ್ಕೊಮ್ಮೆ ಬದಲಿಸಿ. ಮಾಡಿಫಿಕೇಶನ್ ಅಂತ ನನ್ನನ್ನು ಕೇಳಿದರೆ ಡ್ಯುಯಲ್ ಸರ್ಕ್ಯೂಟ್ ಮಾಸ್ಟರ್ ಸಿಲಿಂಡರ್‌ಗೇ ನನ್ನ ಮೊದಲ ಓಟು, ಒಂದು ಪೈಪ್ ಒಡೆದರೂ ಅರ್ಧ ಬ್ರೇಕ್ ಉಳಿಯುತ್ತದೆ. ಫೋಟೋದಲ್ಲಿ ಕಾಣುವುದಿಲ್ಲ ಅಂತಲೋ ಏನೋ, ಇದನ್ನು ಯಾರೂ ಕೇಳಿಕೊಂಡು ಬರುವುದಿಲ್ಲ.

ಪೆಟ್ರೋಲಿನ ಕತೆ ಹೊಸದು. ಈಗ ಬಂಕುಗಳಲ್ಲಿ ಬರುವುದು ಇ20, ಅಂದರೆ ಶೇ. 20ರವರೆಗೆ ಎಥನಾಲ್ ಸೇರಿದ ಪೆಟ್ರೋಲ್. ಎಥನಾಲ್‌ಗೆ ನೀರೆಂದರೆ ಬಹಳ ಪ್ರೀತಿ. ಅರ್ಧ ಟ್ಯಾಂಕ್ ಪೆಟ್ರೋಲ್ ಹಾಕಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಿಲ್ಲಿಸಿದರೆ, ಟ್ಯಾಂಕಿನ ಮೇಲರ್ಧದಲ್ಲಿರುವ ಒದ್ದೆ ಗಾಳಿಯಿಂದ ಅದು ತೇವ ಎಳೆಯುತ್ತದೆ. ತಡೆಯುವಷ್ಟಕ್ಕಿಂತ ಹೆಚ್ಚಾದರೆ ನೀರೂ ಎಥನಾಲ್ ಕೂಡಿ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಎಳೆಯುವ ಪೈಪು ಇರುವುದೂ ತಳದಲ್ಲೇ ಅಲ್ವಾ? ಸ್ಟಾರ್ಟ್ ಆಗದ ಕಾರು ಅಂತ ಟೋ ಮಾಡಿಸಿ ತರುತ್ತಾರೆ, ನೋಡಿದರೆ ಕಾರ್ಬುರೇಟರ್ ಬಟ್ಟಲಲ್ಲಿ ನೀರು, ಒಳಗೆಲ್ಲ ಬಿಳಿ ಪುಡಿ. ಮಳೆಗಾಲಕ್ಕೆ ಒಂದೋ ಟ್ಯಾಂಕ್ ಖಾಲಿ ಮಾಡಿಡಿ, ಇಲ್ಲ ಬಾಯಿವರೆಗೆ ತುಂಬಿಡಿ.

ಹಳೆಯ ರಬ್ಬರ್ ಹೋಸ್‌ಗಳನ್ನು ಈ ಎಥನಾಲ್ ಮೆತ್ತಗೆ ಮಾಡುತ್ತದೆ, ಸೀಳುತ್ತದೆ. ಬಿಸಿ ಎಗ್ಸಾಸ್ಟಿನ ಹತ್ತಿರ ಪೆಟ್ರೋಲ್ ಜಿನುಗಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಟ್ಯಾಂಕಿನಿಂದ ಕಾರ್ಬುರೇಟರ್‌ವರೆಗೆ ಎಲ್ಲ ಹೋಸ್, ಪಂಪಿನ ಡಯಾಫ್ರಂ, ಸೀಲ್‌ಗಳನ್ನು ಎಥನಾಲ್ ತಡೆಯುವವುಗಳಿಗೆ ಬದಲಿಸಿ. ಇನ್ನೊಂದು ಮಾತು. ಎಥನಾಲ್ ತನ್ನೊಳಗೆ ಆಮ್ಲಜನಕ ಹೊತ್ತು ಬರುವುದರಿಂದ ಅದೇ ಸೆಟ್ಟಿಂಗ್‌ನಲ್ಲಿ ಎಂಜಿನ್ ‘ಲೀನ್’ ಓಡುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುವುದಿಲ್ಲ, ಬಿಸಿಯಾಗುತ್ತದೆ. ಮಿಡ್ಜೆಟ್‌ನ ಎಸ್‌ಯು ಕಾರ್ಬುರೇಟರ್‌ನಲ್ಲಿ ಇದಕ್ಕೆ ಮದ್ದು ಸುಲಭ. ಕೆಳಗಿನ ಜೆಟ್ ನಟ್ಟನ್ನು ಸ್ವಲ್ಪ ಕೆಳಗಿಳಿಸಿ ಪೆಟ್ರೋಲ್ ಪಾಲು ಹೆಚ್ಚಿಸಿ, ಅಂದರೆ ರಿಚ್ ಮಾಡಿ. ಸಾಲದಿದ್ದರೆ ನೀಡಲ್ ಬದಲಿಸಿ. ಇ20ಯನ್ನು ಪೂರಾ ಬೈಯಲಾರೆ. ಆಕ್ಟೇನ್ ಜಾಸ್ತಿ ಇರುವುದರಿಂದ ಹಳೆಯ ಎಂಜಿನ್ ನಾಕ್ ಹೊಡೆಯುವುದು ಕಡಿಮೆ. ಹೆಡ್ ಹೇಗೂ ಬಿಚ್ಚಿದ್ದರೆ ಎಗ್ಸಾಸ್ಟ್ ಕಡೆ ಗಟ್ಟಿ ವಾಲ್ವ್ ಸೀಟ್ ಹಾಕಿಸಿಬಿಡಿ. ನಮ್ಮಲ್ಲಿ 2000ದಲ್ಲೇ ಸೀಸದ ಪೆಟ್ರೋಲ್ ನಿಂತಿತು. ವಾಲ್ವ್ ಸೀಟಿಗೆ ಆ ಸೀಸ ಕೊಡುತ್ತಿದ್ದ ರಕ್ಷಣೆಯನ್ನು ನಂಬಿ ಮಾಡಿದ ಹೆಡ್‌ಗಳು ಇವು.

ವಯರಿಂಗ್‌ನಲ್ಲಿ ಒಂದೇ ಎಚ್ಚರಿಕೆ. 1967ರ ಸುಮಾರಿನವರೆಗಿನ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ ತಂತಿ ಕಾರಿನ ಬಾಡಿಗೆ ಸೇರಿರುತ್ತದೆ. ನೋಡದೆ ಎಲೆಕ್ಟ್ರಾನಿಕ್ ಇಗ್ನಿಶನ್ನೋ ಆಲ್ಟರ್ನೇಟರೋ ಹಾಕಿದರೆ ಆ ಕ್ಷಣವೇ ಸುಟ್ಟಿತು. ಮೈನಸ್‌ಗೆ ಬದಲಿಸಿ, ಕಾಯಿಲ್ ತಂತಿ ಅದಲುಬದಲು ಮಾಡಿ, ಆಮೇಲೆ ಹೊಸದನ್ನು ಹಾಕಿ. ಎಲೆಕ್ಟ್ರಾನಿಕ್ ಇಗ್ನಿಶನ್ ಒಳ್ಳೆಯ ಬದಲಾವಣೆ, ಒದ್ದೆ ಹವೆಯಲ್ಲಿ ಪಾಯಿಂಟ್‌ಗಳ ಕಿರಿಕಿರಿ ತಪ್ಪುತ್ತದೆ. ಮಂಗಳೂರಿನ ನಂತೂರು, ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ನಿಲ್ಲುವವರಿಗೆ ಎಲೆಕ್ಟ್ರಿಕ್ ಫ್ಯಾನ್ ಕೂಡ ಬೇಕು. ತಂತಿ ಸ್ಪೋಕಿನ ಚಕ್ರಗಳ ಆಸೆ ಬಿಡಿ, ಪ್ರತಿ ಸ್ಪೋಕೂ ತುಕ್ಕಿನ ಮನೆ. ಉಕ್ಕಿನ 13 ಇಂಚಿನ ಚಕ್ರಕ್ಕೆ ಹಳೆಯ ವ್ಯಾಗನ್‌ಆರ್‌ನ 145/80 ಟೈರ್ ಸರಿಹೊಂದುತ್ತದೆ, ಮೂಲ ಅಳತೆಯೂ ಅದೇ.

ದೊಡ್ಡ ಎಂಜಿನ್, ಕತ್ತರಿಸಿ ಕೂರಿಸುವ ಗೇರ್‌ಬಾಕ್ಸ್, ಅಗಲ ಫೆಂಡರ್, ಇವಕ್ಕೆ ನನ್ನ ಉತ್ತರ ಬೇಡ ಅಂತಲೇ. ರುಚಿಯ ಮಾತು ಬಿಡಿ, ಕಾನೂನು ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ಅದರ ಮೇಲೆ 2021ರ ವಿಂಟೇಜ್ ನಿಯಮ. 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಕಾರಿಗೆ ‘ವಿಎ’ ಸರಣಿಯ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ, 10 ವರ್ಷ ಊರ್ಜಿತ. ಆದರೆ ಚಾಸಿ, ಬಾಡಿ, ಎಂಜಿನ್ ಬದಲಾಗಿದ್ದರೆ ಅದು ಇಲ್ಲ. ಆ ನಂಬರಿನಲ್ಲಿ ದಿನಾ ಆಫೀಸಿಗೆ ಹೋಗುವಂತೆಯೂ ಇಲ್ಲ. ಹಾಗಾಗಿ ಮತ್ತೆ ಬೋಲ್ಟ್ ಬಿಚ್ಚಿ ಹಿಂದಿನಂತೆ ಮಾಡಬಹುದಾದ ಬದಲಾವಣೆಗೆ ಮಾತ್ರ ಕೈಹಾಕಿ. ಬಿಚ್ಚಿದ ಹಳೆಯ ಭಾಗಗಳನ್ನು ಗ್ರೀಸ್ ಬಳಿದು ಅಟ್ಟದಲ್ಲಿ ಇಡಿ, ಗುಜರಿಗೆ ಹಾಕಬೇಡಿ.

ಎಲ್ಲ ಮುಗಿದ ಮೇಲೆ ಮೊದಲ ಓಟಕ್ಕೆ ಎಲ್ಲರೂ ಹೋಗುವುದು ಮರವಂತೆಗೆ. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ಟಾಪ್ ತೆಗೆದ ಕಾರು. ಹೋಗಿ, ಬೇಡ ಅನ್ನುವುದಿಲ್ಲ. ಬಂದ ಸಂಜೆಯೇ ಕೆಳಭಾಗಕ್ಕೆ, ಚಕ್ರದ ಗೂಡುಗಳಿಗೆ ಸಿಹಿನೀರು ಹೊಡೆಯಿರಿ. ಕಡಲಬದಿಯ ಮನೆಗಳಲ್ಲಿ ಬೇಸಿಗೆಗೆ ಬೋರ್‌ವೆಲ್ ನೀರು ಉಪ್ಪಾಗುವುದುಂಟು, ಮೊದಲು ನಾಲಗೆಗೆ ತಾಗಿಸಿ ನೋಡಿ.