ಪದ ಪರಿಚಯ: ಸೂಚಕ ಜೀವಿ

ಕಡಲ ನೀರು ಚೆನ್ನಾಗಿದೆಯಾ ಅಂತ ತಿಳಿಯಲು ಒಂದು ಬಾಟಲಿ ನೀರು ತುಂಬಿ ಲ್ಯಾಬ್‌ಗೆ ಕಳಿಸುತ್ತಾರೆ. ಅದು ಬೇಕೇ ಬೇಕು. ಆದರೆ ಆ ಬಾಟಲಿ ಹೇಳುವುದು ಅದನ್ನು ತುಂಬಿದ ಗಳಿಗೆಯ ಸುದ್ದಿ ಮಾತ್ರ. ರಾತ್ರಿ ಯಾರೋ ಕೊಳಕು ನೀರು ಬಿಟ್ಟಿರುತ್ತಾರೆ, ಬೆಳಗಿನ ಇಳಿತ ಅದನ್ನು ಹೊರಗೆ ಎಳೆದುಕೊಂಡು ಹೋಗಿರುತ್ತದೆ. ಹತ್ತು ಗಂಟೆಗೆ ತುಂಬಿದ ಬಾಟಲಿಗೆ ಇದೇನೂ ಗೊತ್ತಿಲ್ಲ. ಅಲ್ಲೇ ಕೆಸರಿನಲ್ಲಿ ಹುದುಗಿರುವ ಬಳಚು ಎಂಬ ಚಿಪ್ಪುಜೀವಿಗೆ ಗೊತ್ತಿರುತ್ತದೆ. ಜಾಗ ಕೆಟ್ಟಿತು ಅಂತ ಊರು ಬಿಟ್ಟು ಹೋಗಲು ಅದಕ್ಕಾಗುವುದಿಲ್ಲ, ಅಲ್ವಾ?

ಹೀಗೆ ತಾನು ಇರುವುದರಿಂದ, ಇಲ್ಲವಾಗುವುದರಿಂದ ಅಥವಾ ತನ್ನ ಮೈಯಲ್ಲಿ ಆಗುವ ಬದಲಾವಣೆಯಿಂದ ಆ ಜಾಗದ ಸ್ಥಿತಿಯನ್ನು ತೋರಿಸಿಕೊಡುವ ಜೀವಿಯನ್ನು ಸೂಚಕ ಜೀವಿ ಎನ್ನುತ್ತಾರೆ.

ಮೈಯೇ ದಾಖಲೆಯಾಗುವುದಕ್ಕೆ ನಮ್ಮ ಕರಾವಳಿಯ ನೀಲಿಕಲ್ಲು ಎಂಬ ಚಿಪ್ಪುಜೀವಿ (ಇಂಗ್ಲಿಷಿನಲ್ಲಿ ಮಸೆಲ್) ಒಳ್ಳೆಯ ಉದಾಹರಣೆ. ಬಂಡೆಗೆ ಅಂಟಿಕೊಂಡೇ ಅದು ದಿನವಿಡೀ ನೀರನ್ನು ಸೋಸಿ ಊಟ ಹುಡುಕುತ್ತದೆ. ಸೋಸುವಾಗ ನೀರಿನಲ್ಲಿದ್ದ ಸೀಸ, ಕ್ಯಾಡ್ಮಿಯಂನಂಥ ಲೋಹಗಳೂ ಮಾಂಸದಲ್ಲಿ ಸೇರುತ್ತಾ ಹೋಗುತ್ತವೆ. ಅಮೆರಿಕದ ವಿಜ್ಞಾನಿ ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲಿ ಇದನ್ನೇ ಹಿಡಿದು ‘ಮಸೆಲ್ ವಾಚ್’ ಎಂಬ ಯೋಜನೆ ಮುಂದಿಟ್ಟರು. ಬೇರೆ ಬೇರೆ ತೀರಗಳ ಚಿಪ್ಪುಜೀವಿಗಳನ್ನು ಪರೀಕ್ಷಿಸಿ ಹೋಲಿಸಿ ನೋಡಿ ಎಂದರು. 1986ರಿಂದ ಅಮೆರಿಕದ ತೀರದುದ್ದಕ್ಕೂ ಅದೇ ರೀತಿಯ ಪರೀಕ್ಷೆ ಶುರುವಾಯಿತು.

ಇನ್ನೊಂದು ಸಂಗತಿ ಓದಿದಾಗ ನಾನು ಬೆರಗಾಗಿದ್ದೆ. ಬ್ರಿಟನ್ನಿನ ತೀರದಲ್ಲಿ ಒಂದು ಜಾತಿಯ ಶಂಖದ ಹುಳುವಿನ ಹೆಣ್ಣುಗಳಿಗೆ ಗಂಡಿನ ಅಂಗ ಬೆಳೆಯತೊಡಗಿತ್ತು. ಹಡಗಿನ ತಳಕ್ಕೆ ಪಾಚಿ ಹಿಡಿಯದಿರಲಿ ಎಂದು ಬಳಿಯುತ್ತಿದ್ದ ಬಣ್ಣದಲ್ಲಿನ ಟಿಬಿಟಿ (ಟ್ರೈಬ್ಯುಟೈಲ್‌ಟಿನ್) ಎಂಬ ವಿಷ ಅದಕ್ಕೆ ಕಾರಣ. ಲೀಟರ್ ನೀರಿಗೆ ಒಂದೆರಡು ನ್ಯಾನೋಗ್ರಾಂ ಇದ್ದರೂ ಸಾಕಿತ್ತು. ಮೊಟ್ಟೆ ಇಡಲಾಗದೆ ಎಷ್ಟೋ ಬಂಡೆಗಳ ಮೇಲೆ ಅವು ಇಲ್ಲವೇ ಆದವು. ಆ ಬಣ್ಣಕ್ಕೆ ಜಾಗತಿಕ ನಿಷೇಧ ಜಾರಿಗೆ ಬಂದದ್ದು 2008ರಲ್ಲಿ.

ಕೆಲವು ಜೀವಿಗಳದ್ದು ಉಲ್ಟಾ ಲೆಕ್ಕ. ಅವು ಜಾಸ್ತಿಯಾದರೆ ಚಿಂತೆ. ಕ್ಯಾಪಿಟೆಲ್ಲಾ ಎಂಬ ಕೆಂಪು ದಾರದಂಥ ಹುಳು ಇದೆ. 1969ರಲ್ಲಿ ಅಮೆರಿಕದ ವೆಸ್ಟ್ ಫಾಲ್ಮತ್ ಬಳಿ ಎಣ್ಣೆ ಸಾಗಿಸುತ್ತಿದ್ದ ಬಾರ್ಜ್ ಒಂದರಿಂದ ಎಣ್ಣೆ ಸೋರಿ ತಳದ ಜೀವಿಗಳೆಲ್ಲ ಸತ್ತಾಗ, ಖಾಲಿಯಾದ ಕೆಸರನ್ನು ಈ ಹುಳುವೇ ತುಂಬಿಕೊಂಡಿತು.

ಇವುಗಳನ್ನು ಎಣಿಸುವುದು ತಾಳ್ಮೆಯ ಕೆಲಸ. ದೋಣಿಯಿಂದ ಕಬ್ಬಿಣದ ಬಾಯಿಯಂಥ ಸಾಧನ ಇಳಿಸಿ ತಳದ ಕೆಸರನ್ನು ಕಚ್ಚಿಸಿ ತರುತ್ತಾರೆ. ಅದನ್ನು ಅರ್ಧ ಮಿಲಿಮೀಟರ್ ಕಣ್ಣಿನ ಜರಡಿಯಲ್ಲಿ ತೊಳೆದು, ಉಳಿದದ್ದಕ್ಕೆ ರೋಸ್ ಬೆಂಗಾಲ್ ಬಣ್ಣ ಹಾಕುತ್ತಾರೆ. ಮರಳಿನ ನಡುವೆ ಜೀವಿಗಳು ಮಾತ್ರ ಗುಲಾಬಿಯಾಗಿ ಎದ್ದು ಕಾಣುತ್ತವೆ. ಚಿಮಟದಿಂದ ಒಂದೊಂದನ್ನೇ ಹೆಕ್ಕಿ ಜಾತಿ ಗುರುತಿಸಬೇಕು. ಯಾವ ಜಾತಿ ಎಷ್ಟು ಕೊಳಕು ತಾಳುತ್ತದೆ ಎಂದು ಐದು ಗುಂಪು ಮಾಡಿ ಅಂಕ ಕೊಡುವ ‘ಆಂಬಿ’ ಎಂಬ ಸೂಚ್ಯಂಕವನ್ನು 2000ರಲ್ಲಿ ಸ್ಪೇನಿನ ವಿಜ್ಞಾನಿಗಳು ರೂಪಿಸಿದರು. ಈಗ ಅದು ಬಹಳ ಕಡೆ ಬಳಕೆಯಲ್ಲಿದೆ.

ಅದನ್ನು ಸುಮ್ನೆ ಹಾಗೆಯೇ ತಂದು ಇಲ್ಲಿ ಹಚ್ಚಿದರೆ ಎಡವುತ್ತೇವೆ. ನಮ್ಮಲ್ಲಿ ಮಳೆಗಾಲವಿದೆ. ಜುಲೈನಲ್ಲಿ ಹೊಳೆ ತುಂಬಿ ಬಂದಾಗ, ಅದು ಕಡಲು ಸೇರುವ ಅಳಿವೆಯಲ್ಲಿ ನೀರಿನ ಉಪ್ಪು ಇಳಿದು ಚಿಪ್ಪುಜೀವಿಗಳು ತಾವಾಗಿಯೇ ಸಾಯಬಹುದು. ಅದೇ ತಿಂಗಳುಗಳಲ್ಲಿ ಅರಬ್ಬಿ ಸಮುದ್ರದ ಆಳದಿಂದ ಆಮ್ಲಜನಕ ಕಡಿಮೆ ಇರುವ ನೀರು ತೀರಕ್ಕೆ ಏರಿ ಬರುತ್ತದೆ. ಅದಕ್ಕೇ ಜನವರಿಯನ್ನು ಜನವರಿಯ ಜೊತೆಗೇ ಹೋಲಿಸಬೇಕು, ಅದೂ ವರ್ಷಗಟ್ಟಲೆ.

ಪಡುಬಿದ್ರಿ ಮತ್ತು ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಎಂಬ, ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದ್ದು ಸಂತೋಷವೇ. ಆದರೆ ಅಲ್ಲಿ ನೀರಿನಲ್ಲಿ ಮುಖ್ಯವಾಗಿ ಹುಡುಕುವುದು ಮಲದಿಂದ ಬರುವ ಬ್ಯಾಕ್ಟೀರಿಯಾ. ಸ್ನಾನ ಮಾಡುವವರಿಗೆ ತೊಂದರೆ ಇದೆಯಾ ಎಂಬುದೇ ಪ್ರಶ್ನೆ. ಕಡಲಿನ ತಳ ಹೇಗಿದೆ ಎಂಬುದು ಬೇರೆಯೇ ಪ್ರಶ್ನೆ.

ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿಗಿಳಿದು ಬಳಚು ತೆಗೆಯುವವರು ಈ ಎರಡನೇ ಪ್ರಶ್ನೆಯನ್ನು ಕೈಯಲ್ಲೇ ತಡವಿ ನೋಡುತ್ತಾರೆ. ಎಲ್ಲಿ ಚಿಪ್ಪು ಸಣ್ಣದಾಯಿತು, ಎಲ್ಲಿ ಬರೀ ಸತ್ತ ಚಿಪ್ಪು ಸಿಗುತ್ತಿದೆ ಎಂಬುದು ಅವರ ಬೆರಳಿಗೆ ಗೊತ್ತು. ಕೆಸರಿನ ಮಾದರಿ ತರಲು ದೋಣಿ ಹತ್ತುವವರು ಅವರನ್ನೂ ಕೇಳಿ ಬರೆದುಕೊಳ್ಳಬೇಕು, ತಾರೀಖಿನ ಸಮೇತ.