ನಿಧಾನವಾಗಿ ಓಡುವುದಕ್ಕೆ ಇಷ್ಟೇಕೆ ಹಿಂಜರಿಕೆ?

ಮೊದಲ ಮ್ಯಾರಥಾನಿಗೆ ತಯಾರಾಗಲು ಬರುವವರೊಡನೆ ಶೂ, ಉಡುಪು, ನಿದ್ದೆ, ನೀರು ಇವುಗಳ ಬಗ್ಗೆ ನಾನು ಹೆಚ್ಚು ಮಾತನಾಡುವುದಿಲ್ಲ. ಅವನ್ನೆಲ್ಲ ಅವರು ನನಗಿಂತ ಚೆನ್ನಾಗಿ ಓದಿಕೊಂಡು ಬಂದಿರುತ್ತಾರೆ. ನಾನು ಒತ್ತಿ ಹೇಳುವುದು ಒಂದೇ ವಿಷಯ, ವಾರದ ಬಹುಪಾಲು ಓಟಗಳು ನಿಧಾನವಾಗಿರಲಿ ಎಂಬುದು. ಎಲ್ಲರೂ ಒಪ್ಪಿ ತಲೆಯಾಡಿಸುತ್ತಾರೆ, ಮರುದಿನ ಬೆಳಿಗ್ಗೆ ತಮ್ಮ ಶಕ್ತಿ ಮೀರಿ ಓಡುತ್ತಾರೆ. ವಾಚಿನಲ್ಲಿ ದಾಖಲಾದ ವೇಗವನ್ನು ತೋರಿಸಿ ಕೇಳಿದರೆ, "ಸರ್, ನನಗೆ ಅದು ನಿಧಾನವೇ" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಎಷ್ಟು ನಿಧಾನ ಎಂಬುದನ್ನು ತಿಳಿಯಲು ಯಂತ್ರದ ಅಗತ್ಯವಿಲ್ಲ. ಓಡುತ್ತಿರುವಾಗಲೇ ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ, ನಡುವೆ ಏದುಸಿರು ಬಿಡದೆ, ಮಾತನಾಡಲು ಸಾಧ್ಯವಾಗಬೇಕು. "ಹೂಂ", "ಹೌದು" ಇವು ಲೆಕ್ಕಕ್ಕೆ ಬರುವುದಿಲ್ಲ. ಶಾಲಾ ಶಿಕ್ಷಕಿಯೊಬ್ಬರು ತಮಗೆ ಸ್ವಲ್ಪವೂ ಆಯಾಸವಿಲ್ಲವೆಂದು ಪಟ್ಟು ಹಿಡಿದಾಗ, "ಹಾಗಾದರೆ ಮೇಡಂ, ನಿನ್ನೆ ಮಕ್ಕಳಿಗೆ ಮಾಡಿದ ಪಾಠವನ್ನು ಓಡುತ್ತಲೇ ನನಗೂ ಮಾಡಿ" ಎಂದೆ. ದ್ಯುತಿಸಂಶ್ಲೇಷಣೆಯ ಪಾಠ ಎರಡನೆಯ ವಾಕ್ಯದ ನಡುವೆಯೇ ನಿಂತುಹೋಯಿತು. ಉಸಿರಿಗೇನೂ ತೊಂದರೆಯಿಲ್ಲ, ಪಾಠ ಮರೆತುಹೋಗಿದೆ ಅಷ್ಟೇ ಎಂಬುದು ಅವರ ಸಮಜಾಯಿಷಿ. ಇಂಥ ಹಟಮಾರಿಗಳನ್ನು ಕಂಡರೆ ನನಗೆ ಪ್ರೀತಿಯೇ. ಆದರೆ ಆ ಹಟ ಬೇಕಾಗುವುದು ಸ್ಪರ್ಧೆಯ ದಿನ 35ನೆಯ ಕಿಲೋಮೀಟರಿನ ನಂತರವೇ ಹೊರತು, ಮಂಗಳವಾರದ 6 ಕಿ.ಮೀ. ಓಟದಲ್ಲಲ್ಲ. ಹೃದಯ ಬಡಿತದ ಲೆಕ್ಕವನ್ನೇ ನಂಬುವವರಿಗೂ ಒಂದು ಮಾತು: 220ರಿಂದ ವಯಸ್ಸನ್ನು ಕಳೆದು ಗರಿಷ್ಠ ಬಡಿತವನ್ನು ಅಂದಾಜಿಸುವ ಸೂತ್ರ ಕೇವಲ ಸರಾಸರಿ. ನಿಮ್ಮ ನಿಜವಾದ ಗರಿಷ್ಠ ಬಡಿತ ಅದಕ್ಕಿಂತ ಹತ್ತಾರು ಅಂಕಿಗಳಷ್ಟು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು.

ನಿಧಾನದ ಓಟ ಏಕೆ ಬೇಕೆಂಬುದನ್ನು ಎಷ್ಟು ಸಲ ಹೇಳಿದರೂ ಸಾಲದೆಂದು ತೋರುವುದರಿಂದ ಇಲ್ಲಿ ವಿವರವಾಗಿಯೇ ಹೇಳುತ್ತೇನೆ. ಓಡುವಾಗ ದೇಹ ಪ್ರತಿ ಕಿಲೋಮೀಟರಿಗೆ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ, ಸುಮಾರು 1 ಕಿಲೊಕ್ಯಾಲೊರಿ ಖರ್ಚು ಮಾಡುತ್ತದೆ. 60 ಕೆ.ಜಿ. ತೂಕದವರಿಗೆ ಮ್ಯಾರಥಾನಿನ 42.195 ಕಿ.ಮೀ. ಮುಗಿಸಲು ಹತ್ತಿರ ಹತ್ತಿರ 2,500 ಕಿಲೊಕ್ಯಾಲೊರಿ ಬೇಕು. ಸ್ನಾಯುಗಳಲ್ಲಿ ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ, ಅಂದರೆ ದೇಹ ಕೂಡಿಟ್ಟ ಸಕ್ಕರೆಯ ರೂಪದಲ್ಲಿ, ಸಂಗ್ರಹವಾಗಿರುವುದು ಸಾಮಾನ್ಯವಾಗಿ 2,000ದ ಆಸುಪಾಸು. ಉಳಿದದ್ದರಲ್ಲಿ ಸ್ವಲ್ಪ ಭಾಗ ದಾರಿಯಲ್ಲಿ ಸೇವಿಸುವ ಸಕ್ಕರೆಯಿಂದ ಸಿಗುತ್ತದೆ. ಮಿಕ್ಕಿದ್ದು ಕೊಬ್ಬಿನಿಂದ ಬರಬೇಕು. ಕೊಬ್ಬು ನಮ್ಮೆಲ್ಲರಲ್ಲೂ ಬೇಕಾದಷ್ಟಿದೆ, ಆದರೆ ಅದು ನಿಧಾನವಾಗಿ ಉರಿಯುವ ಇಂಧನ, ಸಾಕಷ್ಟು ಆಮ್ಲಜನಕವನ್ನು ಬೇಡುವಂಥದ್ದು. ವೇಗ ಹೆಚ್ಚಿದಂತೆ ದೇಹ ಕೊಬ್ಬನ್ನು ಬಿಟ್ಟು ಗ್ಲೈಕೋಜನ್ನಿನ ಕಡೆಗೆ ವಾಲುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ಓಡಿದವರ ಸ್ನಾಯುಗಳಲ್ಲಿ ಸೂಕ್ಷ್ಮ ರಕ್ತನಾಳಗಳೂ, ಜೀವಕೋಶದೊಳಗೆ ಇಂಧನವನ್ನು ಶಕ್ತಿಯಾಗಿಸುವ ಮೈಟೊಕಾಂಡ್ರಿಯಗಳೂ ಹೆಚ್ಚುತ್ತವೆ, ಅದರ ಫಲವಾಗಿ ಅದೇ ವೇಗದಲ್ಲಿ ಕೊಬ್ಬಿನ ಪಾಲು ಏರಿ ಗ್ಲೈಕೋಜನ್ ಉಳಿಯುತ್ತದೆ. 30 ಕಿ.ಮೀ. ದಾಟಿದ ಮೇಲೆ ಇದ್ದಕ್ಕಿದ್ದಂತೆ ಕಾಲು ಕಿತ್ತಿಡಲಾಗದೆ ನಿಲ್ಲುವವರಲ್ಲಿ ಹೆಚ್ಚಿನವರಿಗೆ ಕೊರತೆಯಾಗಿರುವುದು ಮನೋಬಲವಲ್ಲ, ಈ ಉಳಿತಾಯ.

ಎರಡನೆಯ ಕಾರಣ ಮೂಳೆ ಮತ್ತು ಅದಕ್ಕೆ ಸ್ನಾಯುಗಳನ್ನು ಬಿಗಿಯುವ ಸ್ನಾಯುರಜ್ಜುಗಳದು. ಹೃದಯ ಮತ್ತು ಸ್ನಾಯುಗಳು ಕೆಲವೇ ವಾರಗಳಲ್ಲಿ ಹುರುಪುಗೊಳ್ಳುತ್ತವೆ, ಮೂಳೆಗೆ ತಿಂಗಳುಗಳೇ ಬೇಕು. ಏಕೆಂದರೆ ಹೊಸ ಹೊರೆಗೆ ಹೊಂದಿಕೊಳ್ಳುವ ಮೂಳೆ ಮೊದಲು ಹಳೆಯ ಅಂಶವನ್ನು ತೆಗೆದುಹಾಕಿ, ಆಮೇಲೆ ಹೊಸದನ್ನು ಕಟ್ಟುತ್ತದೆ, ಮತ್ತು ಆ ನಡುವಿನ ಅವಧಿಯಲ್ಲಿ ಅದು ಮೊದಲಿಗಿಂತ ದುರ್ಬಲವಾಗಿಯೇ ಇರುತ್ತದೆ. ಎರಡು ಮೂರು ತಿಂಗಳು ಕಳೆದು, ಉಸಿರು ಹಗುರಾಗಿ, ಇನ್ನೆಷ್ಟಾದರೂ ಓಡಬಲ್ಲೆ ಎನ್ನಿಸುವ ಹೊತ್ತಿನಲ್ಲೇ ಹಲವರ ಕಣಕಾಲಿನ ಮೂಳೆ ನೋಯಲು ಶುರುವಾಗುವುದು ಹೀಗೆ. ಮೂಳೆಯ ಒಳ ಅಂಚಿನುದ್ದಕ್ಕೂ ಹರಡಿದ ನೋವು ಸಾಮಾನ್ಯವಾಗಿ ಓಟ ತಗ್ಗಿಸಿದರೆ ಇಳಿಯುತ್ತದೆ. ಒಂದು ಬೆರಳಿನಿಂದ ತೋರಿಸಬಹುದಾದಷ್ಟು ಚಿಕ್ಕ ಜಾಗದಲ್ಲಿ ಮೂಳೆಯ ಮೇಲೆಯೇ ನೋವಿದ್ದು, ಅದು ರಾತ್ರಿ ಮಲಗಿದಾಗಲೂ ಕಾಡಿದರೆ ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ನಾನು ತರಬೇತುದಾರ, ವೈದ್ಯನಲ್ಲ. ದೂರದಿಂದ ರೋಗನಿರ್ಣಯ ಮಾಡಲಾರೆ. ರಕ್ತದೊತ್ತಡ, ಮಧುಮೇಹ, ಎದೆನೋವಿನ ಹಿನ್ನೆಲೆಯುಳ್ಳವರು ತರಬೇತಿ ಆರಂಭಿಸುವ ಮೊದಲೇ ತಪಾಸಣೆ ಮಾಡಿಸಿಕೊಂಡು ಬರಬೇಕೆಂದು ನಾನು ಕೇಳುವುದೂ ಆ ಕಾರಣಕ್ಕೇ.

"ನಿಧಾನವಾಗಿ ಓಡಿದರೆ ನಿಧಾನವಾಗಿಯೇ ಉಳಿದುಬಿಡುತ್ತೇನಲ್ಲ?" ಎಂಬ ಪ್ರಶ್ನೆಗೆ 1960ರ ರೋಮ್ ಒಲಿಂಪಿಕ್ಸ್ ಉತ್ತರ ಕೊಟ್ಟಾಗಿದೆ. ನ್ಯೂಜಿಲೆಂಡಿನ ಓಟದ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಅವರ ಶಿಷ್ಯರಾದ ಪೀಟರ್ ಸ್ನೆಲ್ 800 ಮೀಟರ್‌ನಲ್ಲೂ ಮರ್ರೆ ಹಾಲ್ಬರ್ಗ್ 5,000 ಮೀಟರ್‌ನಲ್ಲೂ ಒಂದೇ ದಿನ ಚಿನ್ನ ಗೆದ್ದರು. ಎರಡು ನಿಮಿಷದೊಳಗೆ ಮುಗಿಯುವ ಸ್ಪರ್ಧೆಗಾಗಿ ಸ್ನೆಲ್ ವಾರಕ್ಕೆ 160 ಕಿ.ಮೀ.ವರೆಗೂ ಓಡಿ ಅಡಿಪಾಯ ಹಾಕಿಕೊಂಡಿದ್ದರು. 2022ರಲ್ಲಿ ಬರ್ಲಿನ್ ಮ್ಯಾರಥಾನನ್ನು 2 ಗಂಟೆ 1 ನಿಮಿಷ 9 ಸೆಕೆಂಡಿನಲ್ಲಿ, ಅಂದರೆ ಕಿಲೋಮೀಟರಿಗೆ ಸುಮಾರು 2 ನಿಮಿಷ 52 ಸೆಕೆಂಡಿನಂತೆ ಓಡಿದ ಎಲಿಯುಡ್ ಕಿಪ್ಚೋಗೆ ಕೂಡ ಹಗುರ ದಿನಗಳಲ್ಲಿ ಅದಕ್ಕಿಂತ ಎಷ್ಟೋ ನಿಧಾನವಾಗಿ ಓಡುತ್ತಾರೆ. ಹೊಸಬರು ಮಾತ್ರ ಪ್ರತಿದಿನವೂ ತಮ್ಮ ಸ್ಪರ್ಧೆಯ ವೇಗವನ್ನೇ ಹಿಡಿಯಲು ಹೊರಡುತ್ತಾರೆ. ಅದು ಚೇತರಿಕೆಗೆ ಅವಕಾಶ ಕೊಡುವಷ್ಟು ಹಗುರವೂ ಅಲ್ಲ, ವೇಗವನ್ನು ಬೆಳೆಸುವಷ್ಟು ಕಠಿಣವೂ ಅಲ್ಲ. ವಾರಕ್ಕೊಮ್ಮೆ ನಿಜವಾಗಿಯೂ ವೇಗದ ಅಭ್ಯಾಸ ಮಾಡಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಮಿಕ್ಕ ದಿನಗಳಲ್ಲಿ ದಿಣ್ಣೆ ಹತ್ತುವಾಗಲೋ ಬಿಸಿಲೇರಿದಾಗಲೋ ಮಾತು ಕಡಿದುಹೋದರೆ ನಡೆಯಿರಿ. 1972ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಜೆಫ್ ಗ್ಯಾಲೋವೇ ಓಟದ ನಡುವೆ ನಡಿಗೆ ಬೆರೆಸುವುದನ್ನೇ ಒಂದು ಪದ್ಧತಿಯಾಗಿ ಕಲಿಸಿದರು.

ಇಷ್ಟಾದರೂ ಸ್ಪರ್ಧೆಗೆ ಮೂರು ವಾರವಿರುವಾಗ ಯಾರಾದರೊಬ್ಬರು ಬಂದು, ಧೈರ್ಯಕ್ಕಾಗಿ ಒಮ್ಮೆ ಪೂರ್ತಿ ದೂರ ಓಡಿ ನೋಡಲೇ ಎಂದು ಕೇಳಿಯೇ ಕೇಳುತ್ತಾರೆ. ಬೇಡ. ಅತಿ ಉದ್ದದ ಓಟ 30–32 ಕಿ.ಮೀ. ಆದರೆ ಸಾಕು, ಬಹಳ ನಿಧಾನದವರು ಅಷ್ಟೂ ಓಡಬೇಕಿಲ್ಲ, ಮೂರು ಮೂರೂವರೆ ಗಂಟೆಗೆ ನಿಲ್ಲಿಸಬಹುದು. ಕೊನೆಯ ಎರಡು ಮೂರು ವಾರ ದೂರವನ್ನು ಇಳಿಸುತ್ತ ಬನ್ನಿ, ಕೈಕಾಲು ಎಷ್ಟೇ ತವಕಿಸಿದರೂ ಇಳಿಸುತ್ತಲೇ ಬನ್ನಿ.